ಅರ್ಧಕ್ಕೆ ನಿಂತ ಎರಡು ಪೂಜೆಗಳು

ವಾಟಲ್‌ಫೋರ್ಡ್
೨೩ ಫೆಬ್ರವರಿ ೨೦೨೫

ಅಪ್ಪ,

ನೀವು ನನ್ನ ಫೋನು ಎತ್ತುವುದಿಲ್ಲ. ಅಮ್ಮನ ಕೈಲಿ ಹೇಳಿಸೋಣವೆಂದರೆ ಅವಳು ನೆನ್ನೆ ಖಡಾಖಂಡಿತವಾಗಿ ಹೇಳಿಬಿಟ್ಟಳು: "ನಿಮ್ಮಿಬ್ಬರ ಮಧ್ಯೆ ಪೋಸ್ಟ್‌ಮ್ಯಾನ್ ಕೆಲಸ ನನ್ ಕೈಲಾಗಲ್ಲ ಕಣೆ. ಮಾತಾಡಲ್ಲ ಅಂತ ಶಪಥ ಮಾಡಿದಾರೆ, ಓದಲ್ಲ ಅಂತ ಮಾಡಿಲ್ಲ. ಬರಿ." ಅದಕ್ಕೇ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿನವರೆಗೆ ಮೈಸೂರಿನಲ್ಲಿ ಓದಿಸಿ ಆಮೇಲೆ ಈ ದೇಶಕ್ಕೆ ಕರೆತಂದಿರಲ್ಲ, ಆ ಕನ್ನಡ ಇವತ್ತು ಕೆಲಸಕ್ಕೆ ಬಂತು.

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮಾಪಣೆಯ ಕಾಗದವಲ್ಲ. ಪ್ರತಾಪನ ಗೃಹಪ್ರವೇಶದ ದಿನ, ನೀವು ಮಂತ್ರ ಹೇಳುತ್ತಿರುವಾಗಲೇ, ಗಿಡಕ್ಕೆ ನೀರು ಬಿಡುವ ಪೈಪು ತಂದು ಹೋಮಕುಂಡಕ್ಕೆ ನೀರು ಬಿಟ್ಟೆ. ಹೌದು, ಬಿಟ್ಟೆ. ನಾಳೆ ಅದೇ ದಿನ ಮತ್ತೆ ಬಂದರೂ ಬಿಡುತ್ತೇನೆ.

ತಮ್ಮನ ಮಗನ ಮನೆಯೆಂದು ನೀವು ಸಿಡ್ನಿಯಿಂದ ವಿಮಾನ ಹತ್ತಿ ಇಲ್ಲಿಗೆ ಬಂದಿರಿ. ಬಂದವರು ಅವನ ಹಿತ್ತಿಲು ನೋಡಿದಿರಾ? ಬೇಲಿಯ ಆಚೆ ಎಲ್ಲ ಒಣಹುಲ್ಲು, ಮೊಣಕಾಲುದ್ದ. ಬಡಗಣ ಗಾಳಿ ಬೀಸುತ್ತಿತ್ತು. ಈ ಕಡೆ ಬಡಗಣ ಗಾಳಿ ಅಂದರೆ ಮರಳುಗಾಡಿನಿಂದ ಬರುವ ಗಾಳಿ, ಓವನ್ ಬಾಗಿಲು ತೆಗೆದ ಹಾಗೆ ಮುಖಕ್ಕೆ ಬಡಿಯುತ್ತದೆ. ಅವತ್ತು ಇಡೀ ರಾಜ್ಯಕ್ಕೆ ಟೋಟಲ್ ಫೈರ್ ಬ್ಯಾನ್ ಇತ್ತು. ಬಯಲಲ್ಲಿ ಯಾರೂ ಒಂದು ಕಡ್ಡಿ ಕೂಡ ಗೀರುವಂತಿಲ್ಲ. ಹಿಂದಿನ ಸಂಜೆಯೇ ನಾನು ಪ್ರತಾಪನಿಗೆ ಹೇಳಿದೆ. ಅವನು "ದೊಡ್ಡಪ್ಪನ್ನ ಕೇಳು" ಎಂದ. ನಿಮ್ಮನ್ನು ಕೇಳಿದರೆ "ಮುಹೂರ್ತ ಗಾಳಿ ನೋಡ್ಕೊಂಡು ಇಡೋದಲ್ಲ" ಎಂದಿರಿ. ಬೆಳಿಗ್ಗೆ ಬಂದು ನೋಡಿದರೆ ಹಿತ್ತಿಲಲ್ಲೇ ಹೋಮ ಹತ್ತಿಕೊಂಡಿದೆ, ನೀವು ತುಪ್ಪ ಹಾಕುತ್ತಿದ್ದೀರಿ, ಕಿಡಿಗಳು ಬೇಲಿಯ ಕಡೆಗೇ ಹಾರುತ್ತಿವೆ. "ಅಪ್ಪಾ, ನಿಲ್ಲಿಸಿ" ಎಂದು ಹೇಳಿದೆ. ಮತ್ತೆ ಮತ್ತೆ ಹೇಳಿದೆ. ನೀವು ಕಣ್ಣು ಮುಚ್ಚಿಕೊಂಡಿರಿ.

ಮನೆದೀಪ ಅಂತ ಮುದ್ದಿಟ್ಟರೆ ಮೀಸೆ ಸುಡದೆ ಬಿಡುತ್ತದೆಯೇ ಎಂದು ಅಜ್ಜಿ ಹೇಳುತ್ತಿದ್ದಳು. ಹೋಮದ ಬೆಂಕಿಯೂ ಬೆಂಕಿಯೇ ಅಪ್ಪ.

ನೀವು ಒಂದು ಸಲವೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಊರಿನ ಫೈರ್ ಬ್ರಿಗೇಡಿನಲ್ಲಿ ಸಂಬಳಕ್ಕೆ ಇರುವವರು ಒಬ್ಬರೂ ಇಲ್ಲ. ಕ್ಯಾಪ್ಟನ್ ಹೆದರ್ ಬೇಕರಿ ನಡೆಸುತ್ತಾಳೆ. ಮೇಷ್ಟರು, ಪ್ಲಂಬರು, ಹಸು ಸಾಕುವವರು, ಕೌನ್ಸಿಲ್ ಆಫೀಸಿನಲ್ಲಿ ಕೆಲಸ ಮಾಡುವ ನಾನು. ಯಾರೋ ತುರ್ತಿನ ನಂಬರು ಟ್ರಿಪಲ್ ಝೀರೋಗೆ ಫೋನು ಮಾಡುತ್ತಾರೆ, ನಮ್ಮ ಸೊಂಟದಲ್ಲಿರುವ ಪೇಜರ್ ಕೂಗುತ್ತದೆ, ಇದ್ದ ಕೆಲಸ ಇದ್ದ ಹಾಗೇ ಬಿಟ್ಟು ಓಡುತ್ತೇವೆ. ಅವತ್ತು ಆ ಹುಲ್ಲು ಹತ್ತಿಕೊಂಡಿದ್ದರೆ ಆರಿಸಲು ಬರಬೇಕಾಗಿದ್ದವರೂ ಇವರೇ. ಬೇಕರಿಯಲ್ಲಿ ಬ್ರೆಡ್ಡು ಬಿಟ್ಟು, ಕರುವಿಗೆ ಹಾಲು ಕುಡಿಸುವುದು ಬಿಟ್ಟು ಬರಬೇಕಾಗಿತ್ತು.

ಪಂಚೆ ಒದ್ದೆಯಾಗಿದ್ದಕ್ಕೆ ಮಾತ್ರ ಬೇಜಾರಿದೆ.

ನಿಮ್ಮ ಮಗಳು
ಅರುಂಧತಿ


ಪೆಂಡಲ್ ಹಿಲ್
೧೬ ಮಾರ್ಚ್ ೨೦೨೫

ಚಿ. ಅರುಂಧತಿಗೆ ಆಶೀರ್ವಾದ.

ಮೇಲಿನ ಆಶೀರ್ವಾದ ಅಭ್ಯಾಸಬಲದಿಂದ ಬಂದದ್ದು. ಹೊಡೆದುಹಾಕಿದರೆ ಕಾಗದ ಅಸಹ್ಯವಾಗಿ ಕಾಣುತ್ತದೆಂದು ಬಿಟ್ಟಿದ್ದೇನೆ. ಇಲ್ಲಿ ನಿನ್ನ ತಾಯಿ ಕ್ಷೇಮ. ನಾನು ಇದ್ದೇನೆ.

ಪಂಚೆ ಒಣಗುತ್ತದಮ್ಮ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ.

ಸೋಮವಾರದಿಂದ ಶುಕ್ರವಾರದವರೆಗೆ ನಾರ್ವೆಸ್ಟಿನ ಆಫೀಸಿನಲ್ಲಿ ಟೈ ಕಟ್ಟಿಕೊಂಡು ಕೂರುವ ನಾನು, ಶನಿವಾರ ಭಾನುವಾರ ಪಂಚೆ ಉಟ್ಟು ಈ ಊರಿನ ಕನ್ನಡಿಗರ ಮನೆಗಳಿಗೆ ಹೋಗುವುದು ಯಾಕೆಂದು ನಿನಗೆ ಗೊತ್ತಿದೆ. ದಕ್ಷಿಣೆಗಲ್ಲ. ನಮ್ಮ ಅಪ್ಪ ಒಂದು ಮಾತು ಹೇಳಿಕೊಟ್ಟು ಹೋದರು: ಹಿಡಿದ ಪೂಜೆ ಅರ್ಧಕ್ಕೆ ಬಿಡಬಾರದು. ಮಂಡ್ಯದಲ್ಲಿ ಯಾರದೋ ಮನೆಯಲ್ಲಿ ಸೂರು ಸೋರುತ್ತಿದ್ದರೂ ಅವರು ಕೊಡೆ ಹಿಡಿಸಿಕೊಂಡು ಪೂರ್ಣಾಹುತಿ ಮುಗಿಸಿಯೇ ಎದ್ದವರು. ನಾನೂ ಜ್ವರ ಬಂದಾಗ ಮುಗಿಸಿದ್ದೇನೆ, ಯಜಮಾನ ತಲೆಸುತ್ತಿ ಬಿದ್ದಾಗ ಅವನ ತಮ್ಮನನ್ನು ಕೂರಿಸಿ ಮುಗಿಸಿದ್ದೇನೆ. ಈ ಜನ್ಮದಲ್ಲಿ ನನ್ನ ಕೈಯಲ್ಲಿ ಅರ್ಧಕ್ಕೆ ನಿಂತದ್ದು ಒಂದೇ ಹೋಮ. ನಿಲ್ಲಿಸಿದವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು.

ಅಷ್ಟು ಜನರ ಮುಂದೆ! ರೇಷ್ಮೆ ಸೀರೆಗಳ ಮೇಲೆಲ್ಲ ಬೂದಿ ನೀರು. ಆ ಸುದ್ದಿ ವಿಮಾನಕ್ಕಿಂತ ಮೊದಲು ಸಿಡ್ನಿಗೆ ಬಂದಿದೆ. ಇಲ್ಲಿ ಸ್ಟೇಷನ್ ಪಕ್ಕದ ದಿನಸಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದೆ, ಸಂಪತ್ ಬೆನ್ನು ತಟ್ಟಿ ಕೇಳುತ್ತಾನೆ: "ಅಂಕಲ್, ನಮ್ಮನೆ ಸತ್ಯನಾರಾಯಣ ಪೂಜೆಗೆ ನಿಮ್ಮೊಬ್ಬರನ್ನೇ ಬುಕ್ ಮಾಡಿದ್ರೆ ಸಾಕಾ, ಮಗಳನ್ನೂ ಕರೀಬೇಕಾ?" ಕರಿಬೇವು ಅಲ್ಲೇ ಬಿಟ್ಟು ಬಂದೆ.

ಬೆಂಕಿಯ ವಿಷಯ ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ನೀನು ಹುಟ್ಟುವ ಮೊದಲಿನಿಂದ ಬೆಂಕಿಯ ಮುಂದೆ ಕುಳಿತಿದ್ದೇನೆ. ಇಲ್ಲಿ ಮನೆಯೊಳಗೆ ಹೋಮ ಮಾಡಿದರೆ ಹೊಗೆಗೆ ಸೂರಿನ ಅಲಾರಂ ಕಿರುಚುತ್ತದೆ, ಅಕ್ಕಪಕ್ಕದವರು ಓಡಿಬರುತ್ತಾರೆ. ಅದಕ್ಕೂ ನಾನೇ ಉಪಾಯ ಕಂಡುಕೊಂಡಿದ್ದೇನೆ. ಹೋಟೆಲುಗಳಲ್ಲಿ ಸ್ನಾನಕ್ಕೆ ಕೊಡುವ ಪ್ಲಾಸ್ಟಿಕ್ ಶವರ್ ಕ್ಯಾಪುಗಳನ್ನು ಕೂಡಿಟ್ಟು, ಹೋಮದ ಚೀಲದಲ್ಲಿ ಇಟ್ಟಿರುತ್ತೇನೆ. ಹೋದ ತಕ್ಷಣ ಹುಡುಗರ ಕೈಲಿ ಪ್ರತಿ ಅಲಾರಮ್ಮಿಗೂ ಒಂದೊಂದು ತೊಡಿಸಿಬಿಡುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಮನೆಯಲ್ಲೂ ತೊಂದರೆ ಆಗಿಲ್ಲ. ಬೇರೆ ಪುರೋಹಿತರೂ ನನ್ನನ್ನು ನೋಡಿ ಕಲಿತಿದ್ದಾರೆ.

ಸಂಬಳವಿಲ್ಲದ ಕೆಲಸಕ್ಕೆ ಪ್ರಾಣ ಒತ್ತೆಯಿಟ್ಟು ಓಡುವುದು ಶೌರ್ಯವೋ ಹುಡುಗಾಟವೋ, ನನಗೆ ತಿಳಿಯದು. ನಿನ್ನ ತಾಯಿ ರಾತ್ರಿ ನಿದ್ದೆ ಮಾಡುವುದಿಲ್ಲ.

ಗೋಪೀನಾಥ


ವಾಟಲ್‌ಫೋರ್ಡ್
೧೩ ಏಪ್ರಿಲ್ ೨೦೨೫

ಅಪ್ಪ,

ಸಹಿ ಮಾಡುವಾಗ "ನಿನ್ನ ತಂದೆ" ಎಂದು ಬರೆಯದೆ ಬರೀ ಗೋಪೀನಾಥ ಎಂದು ಬರೆದಿದ್ದೀರಿ. ಗಮನಿಸಿದೆ. ನಿದ್ದೆ ಮಾಡದಿರುವುದು ಅಮ್ಮನಲ್ಲ, ನೀವು ಎಂದು ಅಮ್ಮ ಹೇಳಿದಳು. ಅದನ್ನೂ ಗಮನಿಸಿದೆ.

ಪ್ರತಿ ಪೇಜರಿಗೂ ಪ್ರಾಣ ಒತ್ತೆಯಿಡುತ್ತೇವೆ ಎಂದುಕೊಂಡಿದ್ದೀರಾ? ಹೋದ ತಿಂಗಳಿನ ಕರೆಗಳನ್ನು ಕೇಳಿ. ಒಂದು ಹಸು ನೀರಿನ ಗುಂಡಿಯ ಕೆಸರಲ್ಲಿ ಸಿಕ್ಕಿಕೊಂಡಿತ್ತು. ನಾವು ಅದರ ಹೊಟ್ಟೆಗೆ ಪಟ್ಟಿ ಸುತ್ತಿ ಎಳೆದೆವು, ಅದು ಮೇಲೆ ಬಂದದ್ದೇ ತಡ ಪ್ಲಂಬರ್ ಡೇವ್‌ನನ್ನು ಒದ್ದು ಕೆಸರಿಗೆ ಕೆಡವಿತು. ಆಮೇಲೆ ಅವನನ್ನು ಎಳೆದೆವು. ವೃದ್ಧಾಶ್ರಮದಲ್ಲಿ ಟೋಸ್ಟು ಸೀದು ಅಲಾರಂ ಹೊಡೆಯಿತು, ಹೋದವರಿಗೆಲ್ಲ ಅಜ್ಜಿಯರು ಟೀ ಕುಡಿಸಿ ಕಳಿಸಿದರು. ದಾರಿಗೆ ಅಡ್ಡ ಬಿದ್ದ ನೀಲಗಿರಿ ಮರ ಕೊಯ್ದೆವು. ಗರಗಸ ಹಿಡಿದವಳು ನಾನು. ನನ್ನ ಮೊಣಕೈ ಹಿಡಿದುಕೊಂಡು ನೋಯುತ್ತಿರುವುದನ್ನು ನೋಡಿದ್ದರೆ ನೀವು ಖಂಡಿತ ಬೈಯುತ್ತಿದ್ದಿರಿ.

ಆದರೆ ಹೋದ ಮಂಗಳವಾರದ್ದು ಬೇರೆ. ಅದನ್ನು ಅಮ್ಮನಿಗೆ ಹೇಳಿಲ್ಲ. ನಿಮಗೇ ಹೇಳಬೇಕು.

ಬೆಳಗಿನ ಜಾವ, ಊರಾಚೆಯ ಒಂದು ಮನೆ. ಅಡುಗೆಮನೆ ಹತ್ತಿಕೊಂಡಿತ್ತು. ಹೆಂಗಸು ಮಕ್ಕಳನ್ನು ಎಳೆದುಕೊಂಡು ಹೊರಗೆ ಬಂದಿದ್ದಳು. "ನಮ್ಮಪ್ಪ ಒಳಗಿದ್ದಾರೆ" ಎಂದು ಕಿರುಚುತ್ತಿದ್ದಳು. ನಾನು ಮತ್ತು ಡೇವ್ ಮುಖಕ್ಕೆ ಗಾಳಿಯ ಮಾಸ್ಕ್ ಹಾಕಿಕೊಂಡು ಒಳಗೆ ಹೋದೆವು. ಹೊಗೆಯಲ್ಲಿ ಕೈ ಚಾಚಿದರೆ ಕೈ ಕಾಣದು. ಗೋಡೆ ತಡವಿಕೊಂಡು ತೆವಳಿದೆವು. ಮಂಚದ ಪಕ್ಕ ನನ್ನ ಕೈಗೆ ಒಂದು ಪಾದ ಸಿಕ್ಕಿತು. ಆ ಕ್ಷಣ ನನಗೆ ಯಾರ ನೆನಪು ಬಂತು ಎಂದು ಬರೆಯುವುದಿಲ್ಲ. ಇಬ್ಬರೂ ಅವರನ್ನು ಹೊತ್ತು ತಂದೆವು. ಈಗ ಆಸ್ಪತ್ರೆಯಲ್ಲಿದ್ದಾರೆ, ಉಳಿಯುತ್ತಾರೆ. ಅಪ್ಪಾ, ನಾನು ಒಂದು ಜೀವ ಹೊತ್ತು ತಂದೆ! ಇದನ್ನು ಜಂಬ ಅಂತಲಾದರೂ ಅನ್ನಿ, ಏನಾದರೂ ಅನ್ನಿ, ಮೂರು ದಿನ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಬೆಂಕಿ ಆರಿದ ಮೇಲೆ ಆ ಹೆಂಗಸು ಒಂದೇ ಮಾತು ಹೇಳುತ್ತಿದ್ದಳು: ಅಲಾರಂ ಹೊಡೆಯಲೇ ಇಲ್ಲ, ನಾಯಿ ಬೊಗಳಿದ್ದಕ್ಕೆ ಎದ್ದೆವು. ಹೆದರ್ ಕುರ್ಚಿ ಹತ್ತಿ ನೋಡಿದಳು. ಹೋದ ವರ್ಷ ಬಣ್ಣ ಬಳಿಯಲು ಬಂದವನು ಅಲಾರಮ್ಮಿಗೆ ಬಣ್ಣ ಸಿಡಿಯದಿರಲಿ ಎಂದು ಪ್ಲಾಸ್ಟಿಕ್ ಸುತ್ತಿದ್ದ. ಕೆಲಸ ಮುಗಿಸಿ ಹೋದ. ಪ್ಲಾಸ್ಟಿಕ್ ಅಲ್ಲೇ ಇತ್ತು.

ನಿಮ್ಮ ಕಾಗದವನ್ನು ಮತ್ತೆ ತೆಗೆದು ಓದಿದೆ. ಒಂದೇ ಪ್ರಶ್ನೆ ಕೇಳುತ್ತೇನೆ. ನೀವು ತೊಡಿಸುವ ಶವರ್ ಕ್ಯಾಪನ್ನು ಹೋಮ ಮುಗಿದ ಮೇಲೆ ತೆಗೆಯುವವರು ಯಾರು?

ಅರುಂಧತಿ


ವಾಟಲ್‌ಫೋರ್ಡ್
೧೮ ಮೇ ೨೦೨೫

ಅಪ್ಪ,

ಒಂದು ತಿಂಗಳಾಯಿತು. ಉತ್ತರವಿಲ್ಲ. ಅಮ್ಮನೂ ಶನಿವಾರ ಭಾನುವಾರ ಫೋನು ಎತ್ತುವುದಿಲ್ಲ, ಎತ್ತಿದರೆ "ಹೊರಗಿದೀವಿ ಕಣೆ, ಆಮೇಲೆ" ಎಂದು ಇಟ್ಟುಬಿಡುತ್ತಾಳೆ.

ನಾನು ಬರೆದದ್ದು ನಿಮ್ಮನ್ನು ಚುಚ್ಚಲಿಕ್ಕಲ್ಲ. ಕೋಪವಿದ್ದರೆ ಬೈದು ಬರೆಯಿರಿ. ನೀವು ಬೈದರೆ ನನಗೆ ಅಭ್ಯಾಸವಿದೆ, ಸುಮ್ಮನಿದ್ದರೆ ಅಭ್ಯಾಸವಿಲ್ಲ.

ಅರುಂಧತಿ


ಪೆಂಡಲ್ ಹಿಲ್
೮ ಜೂನ್ ೨೦೨೫

ಚಿ. ಅರುಂಧತಿಗೆ ಆಶೀರ್ವಾದ. ಈ ಸಲ ಬೇಕೆಂದೇ ಬರೆದದ್ದು.

ಉತ್ತರ ತಡವಾಯಿತು. ಏಣಿಯ ಮೇಲಿದ್ದೆ.

ನಿನ್ನ ಪ್ರಶ್ನೆಯನ್ನು ನಿನ್ನ ತಾಯಿಗೆ ಓದಿ ಹೇಳಿದೆ. ಅವಳು ದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದುಕೊಂಡೇ ತಿರುಗಿ ಕೇಳಿದಳು: "ಹೌದಲ್ರೀ, ಯಾರು ತೆಗೀತಾರೆ? ನೀವು ಊಟ ಮುಗಿಸಿ, ತಾಂಬೂಲ ತೊಗೊಂಡು ಬಂದುಬಿಡ್ತೀರ." ತೊಡಿಸಲು ಹೇಳುವುದು ನನ್ನ ಬಾಯಿಪಾಠ. ತೆಗೆಯಲು ಹೇಳುವುದು ಅದರಲ್ಲಿ ಇಲ್ಲ. ತಟ್ಟೆಯಲ್ಲಿದ್ದ ದೋಸೆ ಬಿಟ್ಟು ಎದ್ದು ಕೈ ತೊಳೆದೆ.

ಮೊದಲು ಫೋನು ಮಾಡಿದೆ. ಎಲ್ಲರೂ "ಅಯ್ಯೋ ಅಂಕಲ್, ಅವತ್ತೇ ತೆಗೆದ್ವಿ" ಎನ್ನುತ್ತಾರೆ. ತಲೆಯೆತ್ತಿ ನೋಡದೆಯೇ ಹೇಳುತ್ತಿದ್ದಾರೆಂದು ಧ್ವನಿಯಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಏಣಿಯನ್ನು ಕಾರಿನ ಮೇಲೆ ಕಟ್ಟಿಕೊಂಡು ಹೊರಟೆವು. ನಾನು ಗೃಹಪ್ರವೇಶ ಮಾಡಿಸಿದ ಪ್ರತಿ ಮನೆಗೂ ಹೋಗುವುದೆಂದು ತೀರ್ಮಾನಿಸಿದೆ. ನಿನ್ನ ತಾಯಿ ಏಣಿ ಹಿಡಿಯುತ್ತಾಳೆ, ಜೊತೆಗೆ ಬೈಯುತ್ತಾಳೆ.

ಬಾಗಿಲು ತೆಗೆದವರು ಒಬ್ಬೊಬ್ಬರು ಒಂದೊಂದು ಥರ. ದೇವಸ್ಥಾನಕ್ಕೆ ಚಂದಾ ಎತ್ತಲು ಬಂದೆನೆಂದು ಒಬ್ಬರು ಪರ್ಸು ತಂದರು. ಮಾರ್ಟ್‌ಗೇಜ್ ಸಾಲ ಕಟ್ಟಲಾಗದೆ ಮನೆ ಮಾರಿ ಹೋದವರ ಬದಲು ಯಾರೋ ಚೀನೀ ದಂಪತಿ ಇದ್ದರು. ಪಂಚೆ ಉಟ್ಟ ಮುದುಕ, ಏಣಿ ಹೊತ್ತ ಮುದುಕಿ, ನಾವು ಏನು ಹೇಳುತ್ತಿದ್ದೇವೆಂದು ಅವರಿಗೆ ಅರ್ಥವಾಗುವಷ್ಟರಲ್ಲಿ ನಾನು ಬೆವರಿಹೋದೆ. ಕೊನೆಗೆ ಒಳಗೆ ಬಿಟ್ಟರು. ಅಲ್ಲಿ ಸರಿಯಾಗಿತ್ತು. ಹೆಚ್ಚಿನ ಮನೆಗಳಲ್ಲಿ ಸರಿಯಾಗಿಯೇ ಇತ್ತು.

ಆದರೆ ಇಲ್ಲೇ ಸಿಡ್ನಿಯ ಲಿವರ್‌ಪೂಲ್ ಕಡೆ ಮಡಿವಾಳಪ್ಪನವರ ಮನೆಗೆ ಹೋದೆವು. ಎರಡು ವರ್ಷದ ಹಿಂದೆ ಮಾಡಿಸಿದ ಗೃಹಪ್ರವೇಶ. ಒಳಗೆ ಕಾಲಿಟ್ಟು ಮೇಲೆ ನೋಡುತ್ತೇನೆ, ಮಲಗುವ ಕೋಣೆಗಳ ಎದುರಿಗೆ, ಸೂರಿನಲ್ಲಿ, ನನ್ನ ಶವರ್ ಕ್ಯಾಪು. ಧೂಳು ಹಿಡಿದಿದೆ. ಮಧ್ಯದಲ್ಲಿ ದುಂಡಗೆ ಕುಂಕುಮ.

"ಇದೇನಪ್ಪಾ ಇದು?" ಎಂದೆ.

ಅವರ ತಾಯಿ ಪುಟ್ಟಮ್ಮನವರು ಕೈಮುಗಿದು ಹೇಳಿದರು: "ನೀವೇ ಕಟ್ಟಿದ್ರಲ್ಲ ಸ್ವಾಮಿ. ಮನೆಗೆ ದೃಷ್ಟಿಯಾಗ್ದಂಗೆ ಕಟ್ಟಿದ್ದು ಅಂದ್ಕಂಡೆ. ನೀವು ಕಟ್ಟಿದ್ದನ್ನ ನಾವು ಬಿಚ್ಚಬೈದಾ? ಹಬ್ಬದಾಗ ಮೊಮ್ಮಗನ್ನ ಕುರ್ಚಿ ಹತ್ತಿಸಿ ಕುಂಕುಮ ಇಡಿಸ್ತೀನಿ."

ಎರಡು ವರ್ಷ, ಅರುಂಧತಿ. ಆ ಮನೆಯಲ್ಲಿ ಈಗ ಒಂದು ಹಸುಗೂಸೂ ಇದೆ. ನಾನು ಆಯುಷ್ಯ ಆರೋಗ್ಯ ಹಾರೈಸಿ ಅಕ್ಷತೆ ಹಾಕಿ, ಅವರ ಕಾವಲಿನ ಬಾಯಿ ಕಟ್ಟಿ ಬಂದಿದ್ದೆ. ಅವರೋ ಅದಕ್ಕೆ ಪೂಜೆ ಮಾಡುತ್ತಿದ್ದರು, ಯಾಕೆಂದರೆ ಕಟ್ಟಿದವನು ನಾನು.

ನಾನೇ ಏಣಿ ಹತ್ತಿ ಬಿಚ್ಚಿದೆ. "ಬಟನ್ ಒತ್ತಿ ನೋಡ್ರೀ, ಸತ್ತಿದೆಯೋ ಬದುಕಿದೆಯೋ" ಎಂದು ನಿನ್ನ ತಾಯಿ ಕೆಳಗಿನಿಂದ ಕೂಗಿದಳು. ಒತ್ತಿದೆ. ಅಬ್ಬಬ್ಬಾ, ಆ ಕಿರುಚಾಟ! ಪುಟ್ಟಮ್ಮನವರ ಕೈಯಿಂದ ಕಾಫಿ ಲೋಟ ಬಿತ್ತು. ಒಳಗೆ ಮಲಗಿದ್ದ ಕೂಸು ಎದ್ದು ಹೋ ಎಂದು ಅತ್ತಿತು. ಅದು ಅತ್ತದ್ದು ಕೇಳಿ ನಾನೂ ಅಲ್ಲೇ ಏಣಿಯ ಮೇಲೆ ಅತ್ತುಬಿಟ್ಟೆ. ಕೂಸಿಗೆ ಎಚ್ಚರವಾಯಿತಲ್ಲ, ಅದೇ ಸಾಕಾಗಿತ್ತು.

ಈಗ ಊರಿನಲ್ಲಿ ನನಗೆ ಹೊಸ ಹೆಸರು ಬಂದಿದೆ. ಅದೇ ಅಂಗಡಿ, ಅದೇ ಸಂಪತ್: "ಏನ್ ಫೈರ್ ಬ್ರಿಗೇಡ್ ಭಟ್ರೇ, ಇವತ್ತು ಯಾರ ಮನೆ ಇನ್‌ಸ್ಪೆಕ್ಷನ್?" ನಾನು ಬಾಯಿ ತೆಗೆಯುವ ಮೊದಲೇ ನಿನ್ನ ತಾಯಿ, "ನಿಮ್ಮನೇಗೇ ಬರ್ತಿದೀವಪ್ಪಾ, ಹೋಗಿ ಕಾಫಿಗೆ ಇಡು" ಎಂದಳು. ಈ ಸಲ ಕರಿಬೇವು ತೆಗೆದುಕೊಂಡೇ ಬಂದೆ.

ಇನ್ನೂ ಕೆಲವು ಮನೆ ಬಾಕಿ ಇವೆ. ಹೋಮವನ್ನು ಹೇಗೆ ಮಾಡಿದರೆ ಸರಿ ಎಂದು ನಿಮ್ಮ ಬ್ರಿಗೇಡಿನವರು ಏನಾದರೂ ಹೇಳುವುದಿದ್ದರೆ ಬರೆದು ಕಳಿಸು. ನಿನ್ನ ಅಭಿಪ್ರಾಯ ಬೇಡ, ಬ್ರಿಗೇಡಿನವರದು.

ನಿನ್ನ ತಂದೆ
ಗೋಪೀನಾಥ


ವಾಟಲ್‌ಫೋರ್ಡ್
೨೦ ಜುಲೈ ೨೦೨೫

ಅಪ್ಪಾ,

ನಿಮ್ಮ ಕಾಗದವನ್ನು ಬ್ರಿಗೇಡಿನ ಸಭೆಯಲ್ಲಿ ಇಂಗ್ಲಿಷಿಗೆ ತಿರುಗಿಸಿ ಓದಿ ಹೇಳಿದೆ. ಕುಂಕುಮದ ಹತ್ತಿರ ಬಂದಾಗ ಎಲ್ಲರೂ ನಕ್ಕರು. ಕೂಸು ಎದ್ದು ಅತ್ತಿತು ಎಂದಾಗ ಒಬ್ಬರೂ ನಗಲಿಲ್ಲ. ರಾನ್ ಎಂಬ ಎಂಬತ್ತು ದಾಟಿದ ಮುದುಕರಿದ್ದಾರೆ, ಈಗ ಬೆಂಕಿಗೆ ಬರುವುದಿಲ್ಲ, ಸ್ಟೇಷನ್ನಿನಲ್ಲಿ ಕುಳಿತು ರೇಡಿಯೋ ನೋಡಿಕೊಳ್ಳುತ್ತಾರೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ನಿಮ್ಮಪ್ಪನಿಗೆ ಇಲ್ಲಿ ಒಂದು ಕುರ್ಚಿ ಇದೆ ಅಂತ ಬರಿ" ಎಂದರು.

ಹೋಮದ ವಿಷಯ, ಬ್ರಿಗೇಡಿನವರು ಹೇಳಿದ್ದು ಇಷ್ಟೇ. ಬ್ಯಾನ್ ಇರುವ ದಿನ ಬಯಲಲ್ಲಿ ಬೇಡವೇ ಬೇಡ. ಒಳಗೆ ಮಾಡಿದರೆ ಕಿಟಕಿ ಬಾಗಿಲು ತೆರೆದಿರಲಿ, ಕುಂಡ ಚಿಕ್ಕದಿರಲಿ, ಹಿಂದೆ ನೈಲಾನ್ ಪರದೆ, ಪ್ಲಾಸ್ಟಿಕ್ ತೋರಣ ಬೇಡ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಅಲಾರಮ್ಮಿನ ಬಾಯಿ ಮಾತ್ರ ಕಟ್ಟಬೇಡಿ, ಕಿರುಚಿದರೆ ಕಿರುಚಲಿ. ಅಕ್ಕಪಕ್ಕದವರಿಗೆ ಹಿಂದಿನ ದಿನವೇ ಒಂದು ಡಬ್ಬಿ ಮೈಸೂರ್ ಪಾಕ್ ಕೊಟ್ಟು ಹೇಳಿಬಿಡಿ. ಕೊನೆಯದು ಬ್ರಿಗೇಡಿನದಲ್ಲ, ನನ್ನದು.

ಇನ್ನೊಂದು ಸುದ್ದಿ. ಅಮ್ಮನಿಗೆ ಮೊದಲು ಹೇಳಬಾರದೆಂದು ತಡೆದುಕೊಂಡಿದ್ದೇನೆ. ನನ್ನನ್ನು ಕ್ರೂ ಲೀಡರ್ ಮಾಡಿದ್ದಾರೆ. ಅಂದರೆ ಗಾಡಿ ಹೊರಟರೆ ಮುಂದಿನ ಸೀಟಿನಲ್ಲಿ ನಾನು. ಎಲ್ಲಿ ನಿಲ್ಲಿಸಬೇಕು, ಯಾರು ಒಳಗೆ ಹೋಗಬೇಕು, ಯಾವಾಗ ಹಿಂದೆ ಬರಬೇಕು, ಎಲ್ಲ ನನ್ನ ಮಾತು. ನಮ್ಮ ಬ್ರಿಗೇಡಿಗೆ ಹೊಸ ಗಾಡಿಯೂ ಬರುತ್ತಿದೆ. ಸೆಪ್ಟೆಂಬರ್ ಕೊನೆಗೆ ಬರುತ್ತದಂತೆ. ಡಿಸೆಂಬರಿನಲ್ಲಿ ಇಲ್ಲಿಯ ಬೇಸಿಗೆ ಶುರುವಾಗುವ ಮೊದಲು.

ಆಗ ನಮ್ಮ ಆಯುಧಪೂಜೆ ಬರುತ್ತದೆ ಅಂತ ಬಾಯಿ ತಪ್ಪಿ ಹೇಳಿದೆ. ಏನದು ಎಂದು ಕೇಳಿದರು. ಮೈಸೂರಿನಲ್ಲಿ ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಅವತ್ತು ಹೂ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ವರ್ಷವಿಡೀ ನಮ್ಮನ್ನು ಕಾಯ್ದ ವಸ್ತುವಿಗೆ ಒಂದು ದಿನ ಕೈಮುಗಿಯುತ್ತೇವೆ ಎಂದೆ. ಹೆದರ್ ಕೇಳಿದ್ದೇ ತಡ, "ಯುವರ್ ಡ್ಯಾಡ್ ಡಸ್ ದಿಸ್? ಗೆಟ್ ಹಿಮ್ ಡೌನ್ ಹಿಯರ್!" ಎಂದಳು, ನಿಮ್ಮನ್ನು ಕರೆಸಲೇಬೇಕಂತೆ.

ಬರುತ್ತೀರಾ? ನಾನು ಕೇಳುತ್ತಿರುವುದು ಪುರೋಹಿತರನ್ನಲ್ಲ. ನನ್ನ ಕೆಲಸವನ್ನು ನೀವು ಒಂದು ಸಲ ಕಣ್ಣಿಂದ ನೋಡಬೇಕು, ಅಷ್ಟೇ ನನ್ನ ಆಸೆ. ಇದನ್ನು ಬರೆಯಲು ನನಗೆ ಆ ಹೊಗೆಯೊಳಗೆ ಹೋದದ್ದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು.

ನಿಮ್ಮ ಮಗಳು
ಅರುಂಧತಿ


ಪೆಂಡಲ್ ಹಿಲ್
೧೭ ಆಗಸ್ಟ್ ೨೦೨೫

ಚಿ. ಅರುಂಧತಿಗೆ ಆಶೀರ್ವಾದ.

ಗಾಡಿಯ ಉದ್ದ, ಎತ್ತರ, ಎಷ್ಟು ಚಕ್ರ ಎಂದು ಬರೆಯದೆ ಹೂವಿನ ಹಾರ ಎಷ್ಟು ಮೊಳ ಕಟ್ಟಿಸಲಿ? ಇಷ್ಟು ದೊಡ್ಡ ಹುದ್ದೆ ಕೊಟ್ಟಿದ್ದಾರೆ, ಇಷ್ಟು ಹೇಳಬೇಕೆಂದು ಗೊತ್ತಾಗಲಿಲ್ಲವೆ.

ನೀವು ಹೇಳಿದ ರೀತಿಯಲ್ಲೇ ಮೊನ್ನೆ ಹರ್ಷವರ್ಧನನ ಮನೆಯಲ್ಲಿ ಹೋಮ ಮಾಡಿದೆ. ಕಿಟಕಿ ತೆರೆದಿಟ್ಟು, ಮರಳು ಇಟ್ಟುಕೊಂಡು. ಸಂಕಲ್ಪದ ನಡುವೆ ಅಲಾರಂ ಒಂದು ಸಲ ಕಿರುಚಿತು. ಎಲ್ಲರೂ ನನ್ನ ಮುಖ ನೋಡಿದರು. "ಗಂಟೆ ಬಾರಿಸಿದ ಹಾಗಾಯ್ತು, ಮುಂದುವರಿಸೋಣ" ಎಂದೆ.

ಬರುತ್ತೇವೆ. ನಿನ್ನ ತಾಯಿ ಟಿಕೆಟ್ ಬುಕ್ ಮಾಡಿ ಆಗಿದೆ, ನನ್ನನ್ನು ಕೇಳಿಲ್ಲ. ಬೂದುಗುಂಬಳ ಒಡೆಯುವುದಿಲ್ಲ, ನೀರು ಕುಂಕುಮದ ಮೇಲೆ ನಿಮ್ಮ ಜನ ಜಾರಿ ಬಿದ್ದರೆ ಕಷ್ಟ. ನಿಂಬೆಹಣ್ಣು, ಹೂವು, ಕರ್ಪೂರ ಸಾಕು.

ಒಂದೇ ಷರತ್ತು. ಪೂಜೆ ಶುರುವಾದ ಮೇಲೆ ಮಂಗಳಾರತಿ ಆಗುವವರೆಗೆ ಗಾಡಿ ಅಲುಗಕೂಡದು. ನಮ್ಮ ಅಪ್ಪನ ಮಾತು ನಿನಗೆ ನೆನಪಿದೆ. ಇನ್ನೊಂದು ಸಲ ನನ್ನ ಕೈಯಲ್ಲಿ ಅರ್ಧಕ್ಕೆ ನಿಲ್ಲುವುದು ಬೇಡ. ನಿನ್ನ ಕ್ಯಾಪ್ಟನ್ನಿಗೂ ಹೇಳಿಡು.

ನಿನ್ನ ತಂದೆ
ಗೋಪೀನಾಥ


ವಾಟಲ್‌ಫೋರ್ಡ್ ಫೈರ್ ಸ್ಟೇಷನ್
೧ ಅಕ್ಟೋಬರ್ ೨೦೨೫, ಸಂಜೆ

ಅರುಂಧತಿ,

ನೀನು ಹೋಗಿ ಸ್ವಲ್ಪ ಹೊತ್ತಾಯಿತು. ನಿನ್ನ ಎದುರಿಗೆ ಇದನ್ನೆಲ್ಲ ಹೇಳಲು ನನ್ನ ಬಾಯಿಗೆ ಬರುವುದಿಲ್ಲ. ಈ ವರ್ಷ ನಮಗಿಬ್ಬರಿಗೂ ಕಾಗದವೇ ಒಗ್ಗಿದೆ. ರಾನ್ ಅವರ ಹತ್ತಿರ ಹಾಳೆ ಕೇಳಿ ಪಡೆದು ಬರೆಯುತ್ತಿದ್ದೇನೆ.

ನನ್ನ ಹಾರ ಆ ಗಾಡಿಯ ಮೂತಿಗೆ ಸಾಲಲಿಲ್ಲ, ನೋಡಿದೆಯಲ್ಲ. ನಿನ್ನ ತಾಯಿ ತಲೆಗೆಂದು ತಂದಿದ್ದ ಮಲ್ಲಿಗೆಯನ್ನೂ ಸೇರಿಸಿ ಕಟ್ಟಿದಳು. ನೀವೆಲ್ಲ ಹಳದಿ ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದಿರಿ. ಆ ಡೇವ್ ಎನ್ನುವವನು ಹಣೆಗೆ ಕುಂಕುಮ ಇಡಿಸಿಕೊಂಡು, ತನ್ನ ಹೆಲ್ಮೆಟ್ಟಿಗೂ ಇಡಿ ಎಂದು ಮುಂದೆ ಚಾಚಿದ. ಚಕ್ರಗಳಿಗೆ ನಿಂಬೆಹಣ್ಣು ಇಟ್ಟಾಗಿತ್ತು. ಕರ್ಪೂರ ಹಚ್ಚಬೇಕು, ನಾನು ಗಂಟೆ ಎತ್ತಿಕೊಂಡಿದ್ದೆ.

ಆಗ ನಿಮ್ಮೆಲ್ಲರ ಸೊಂಟದಲ್ಲೂ ಒಟ್ಟಿಗೆ ಕೂಗಿತು.

ನೀನು ಪೇಜರ್ ನೋಡಲಿಲ್ಲ. ನನ್ನನ್ನು ನೋಡಿದೆ. ಫೆಬ್ರವರಿಯಲ್ಲಿ ಪೈಪು ಹಿಡಿದು ನಿಂತಾಗಲೂ ನಿನ್ನ ಕಣ್ಣು ಹೀಗೇ ಇದ್ದವೇನೋ. ಅವತ್ತು ನಾನು ಕಣ್ಣು ಮುಚ್ಚಿದ್ದೆ, ನೋಡಲಿಲ್ಲ. ಇವತ್ತು ನೋಡಿದೆ. "ಅಪ್ಪಾ, ನಿಲ್ಲಿಸಿ" ಎಂದು ನೀನು ಹೇಳುವವರೆಗೆ ಕಾಯಬಾರದೆಂದು ನಾನೇ ಗಂಟೆ ಕೆಳಗಿಟ್ಟೆ.

"ನಿಂತ್ಕೊಂಡಿದೀಯಲ್ಲ, ಹೋಗಮ್ಮ! ಬೇಗ ಹೋಗು!" ಎಂದು ಕೂಗಿದ್ದು ನಿನಗೆ ಕೇಳಿಸಿತೋ ಇಲ್ಲವೋ. ಅಷ್ಟು ಹೊತ್ತಿಗೆ ನೀನು ಮುಂದಿನ ಸೀಟಿನಲ್ಲಿದ್ದೆ. ಗಾಡಿ ನಿಂಬೆಹಣ್ಣುಗಳ ಮೇಲೆ ಹಾದು, ಹಾರ ಅಲ್ಲಾಡಿಸಿಕೊಂಡು, ಸೈರನ್ ಹಾಕಿಕೊಂಡು ಹೊರಟುಹೋಯಿತು. ಕೆಲವು ಸೇವಂತಿಗೆ ರಸ್ತೆಯ ಮೇಲೆ ಉದುರಿದವು. ನಿನ್ನ ತಾಯಿ ಹೋಗಿ ಆರಿಸಿ ತಂದಳು.

ಹಚ್ಚಿದ್ದ ದೀಪವನ್ನು ಒಳಗೆ ತಂದು ಸಿಂಕಿನ ಪಕ್ಕದಲ್ಲಿಟ್ಟಿದ್ದೇನೆ. ಬಕೆಟ್ ಇದೆ. ನಗಬೇಡ.

ರಾನ್ ಅವರು ತೋರಿಸಿದ ಕುರ್ಚಿಯಲ್ಲಿ ಕುಳಿತು ರೇಡಿಯೋ ಕೇಳಿದೆ. ಯಾರೋ ಹಿತ್ತಿಲಿನ ಕಸಕ್ಕೆ ಹಚ್ಚಿದ ಬೆಂಕಿ ಕೈಮೀರಿ ಬೇಲಿ ದಾಟಿದೆಯಂತೆ. ಆಮೇಲೆ ನಿನ್ನ ಧ್ವನಿ ಬಂತು. ರೇಡಿಯೋದ ಗರಗರದಲ್ಲಿ ನಿಮ್ಮ ಕೆಲಸದ ಮಾತು ಅರ್ಧ ನನಗೆ ತಿಳಿಯಲಿಲ್ಲ. ಧ್ವನಿ ತಿಳಿಯಿತು. ಕೂಗಾಟವಿಲ್ಲ, ನಡುಕವಿಲ್ಲ. ಅಲ್ಲಿದ್ದ ಗಂಡಸರು ಹೆಂಗಸರು ಎಲ್ಲ ನಿನ್ನ ಮಾತಿಗೆ "ಎಸ್" "ಎಸ್" ಎನ್ನುತ್ತಿದ್ದರು. ರಾನ್ ಅವರು ನನ್ನ ಕಡೆ ತಿರುಗಿ, "ದಟ್ಸ್ ಯುವರ್ ಗರ್ಲ್" ಎಂದರು. ಹೌದು, ನನ್ನ ಮಗಳೇ ಎಂದು ಕನ್ನಡದಲ್ಲೇ ಹೇಳಿದೆ. ಅವರಿಗೆ ಅರ್ಥವಾಯಿತು.

ಪೆಂಡಲ್ ಹಿಲ್ಲಿಗೆ ಹೋದ ಮೇಲೆ ಆ ಅಂಗಡಿಯ ಮಧ್ಯದಲ್ಲಿ ನಿಂತು ಇದನ್ನು ಹೇಳುವವನಿದ್ದೇನೆ. ಸಂಪತ್ ಇರುವ ಹೊತ್ತು ನೋಡಿಕೊಂಡೇ ಹೋಗುತ್ತೇನೆ.

ನಮ್ಮ ಅಪ್ಪ ಕೊಡೆ ಹಿಡಿಸಿಕೊಂಡು ಪೂರ್ಣಾಹುತಿ ಮುಗಿಸಿದರೆಂದು ಬರೆದಿದ್ದೆನಲ್ಲ. ಅವರು ಇವತ್ತು ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದರೆಂದು ಯೋಚಿಸುತ್ತಿದ್ದೆ. ಗಂಟೆ ಕೆಳಗಿಡುತ್ತಿದ್ದರು ಎಂದೇ ನನಗನ್ನಿಸುತ್ತದೆ.

ಬೆಂಕಿ ಆರಿತು, ಎಲ್ಲರೂ ಕ್ಷೇಮ ಎಂದು ರೇಡಿಯೋದಲ್ಲಿ ಈಗ ತಾನೇ ಹೇಳಿದೆಯಂತೆ, ವಾಪಸ್ ಹೊರಟಿದ್ದೀರಂತೆ. ನಿನ್ನ ತಾಯಿ ಎಲ್ಲರಿಗೂ ಕಾಫಿಗೆ ನೀರು ಇಡುತ್ತಿದ್ದಾಳೆ, ಹಾಲು ಎಲ್ಲಿದೆ ಎಂದು ರಾನ್ ಅವರನ್ನು ಕನ್ನಡದಲ್ಲಿ ಗದರಿಸುತ್ತಿದ್ದಾಳೆ. ಹೊಸ ನಿಂಬೆಹಣ್ಣು ಇವೆ, ನಾಲ್ಕು ಹೆಚ್ಚಿಗೆ ತಂದಿದ್ದೆ.

ರಸ್ತೆಯ ತುದಿಯಲ್ಲಿ ಗಾಡಿಯ ಸದ್ದು ಕೇಳುತ್ತಿದೆ. ನಿಲ್ಲಿಸುತ್ತೇನೆ. ಮಂಗಳಾರತಿ ತಟ್ಟೆ ತೆಗೆದುಕೊಂಡು ಬಾಗಿಲಿಗೆ ಹೋಗಬೇಕು.

ನಿನ್ನ ತಂದೆ
ಫೈರ್ ಬ್ರಿಗೇಡ್ ಭಟ್ಟ